ಸುಳಿವು ಪಾನದಾನದಾಗೇ ಅದ
ಅಕ್ಕಾರ, ನಿಮ್ಮ ಪತ್ತೇದಾರಿ ಕಾದಂಬರಿದು ಮೂರು ಅಧ್ಯಾಯ ಓದಿದೆ. ಕಲಬುರಗಿ ಬ್ಯಾಳಿ ಮಿಲ್ಲಿನ ಸಾವುಕಾರರ ಮಗಳ ಮದುವಿ, ಬೀದರಿನ ಬೀಗರು, ಅವರ ಮನೆತನದ ಬಿದ್ರಿ ಪಾನದಾನ (ಎಲಿ-ಅಡಿಕಿ ಡಬ್ಬಿ) ಕಳುವು, ಪತ್ತೆ ಹಚ್ಚಾಕ ಸೀರಿಗೆ ಫಾಲ್ ಹಚ್ಚೋ ಶಾಂತಕ್ಕ. ಚಲೋ ಅದ. "ನಗುನೂ ಬರಬೇಕು, ಕಳ್ಳನೂ ಕಡೀತನಕ ಸಿಗಬಾರದು, ಹ್ಯಾಂಗ?" ಅಂತ ಕೇಳೀರಿ.

ನೀವು ಎರಡು ಪುಟ ನಗಸ್ತೀರಿ, ಆಮ್ಯಾಲ ಶಾಂತಕ್ಕನ ಕೈಗೆ ಭೂತಗನ್ನಡಿ ಕೊಡ್ತೀರಿ. ಕನ್ನಡಿ ತಗೀರಿ. ಸುಳಿವನ್ನ ನಗಿಯೊಳಗೇ ಹುಗೀರಿ. ಓದೋರು ನಕ್ಕು ದಾಟಿ ಹೋಗ್ತಾರ. ನಾನೂ ಒಮ್ಮೆ ಸುಳಿವು ಮುಚ್ಚದೇ ಇಂಥಾ ಕತಿ ಬರದಿದ್ದೆ, ನಮ್ಮನಿಯಾಕಿ ಎಂಟನೇ ಪುಟದಾಗೇ ಕಳ್ಳನ್ನ ಹಿಡದು ಅಡಿಗಿಗೆ ಹ್ವಾದಳು.

ಪಾನದಾನ ನೋಡ್ರಿ. ಬಿದ್ರಿ ಅಂದ್ರ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರದ ಎರಕ, ಅದರ ಮ್ಯಾಲ ಬೆಳ್ಳಿ ಕುಸುರಿ. ಕಡೀಕ ಬೀದರ ಕೋಟಿ ಮಣ್ಣು, ನವಸಾಗರ ಕಲಸಿ ತಿಕ್ಕತಾರ. ಸತುವು ಕರ್ರಗಾಗತದ, ಬೆಳ್ಳಿ ಹಂಗೇ ಹೊಳೀತದ. ಆ ಕಪ್ಪು ಬಳದ ಬಣ್ಣ ಅಲ್ಲ, ಬೆರಳಿಗೆ ಮೆತ್ತೂದಿಲ್ಲ. ಕಳ್ಳ ಬದಲಿಗೆ ಇಟ್ಟಿದ್ದು ಅಲ್ಯುಮಿನಿಯಂ ಡಬ್ಬಿ, ಅವಸರದಾಗ ಕರಿ ಪೇಂಟ್ ಹೊಡದಾನ, ಇನ್ನಾ ಆರಿಲ್ಲ ಅಂತ ಬರೀರಿ. ಎಲಿ ಅಡಿಕಿ ಹಾಕ್ಕೊಂಡ ಬೀಗರ ಬಿಳಿ ಧೋತರದ ಮ್ಯಾಲ ಐದು ಬೆರಳಿನ ಕರಿ ಗುರ್ತು! ಹೆಣ್ಣಿನ ಕಡ್ಯಾವರು "ಬೀಗರು ಹಂಚಿನ ಮ್ಯಾಲಿನ ಹೋಳಿಗಿಗೇ ಕೈ ಹಾಕ್ಯಾರ" ಅಂತ ಬಿದ್ದು ಬಿದ್ದು ನಗಲಿ. ಶಾಂತಕ್ಕ ಮಾತ್ರ "ಕೊಡ್ರಿ ಯಪ್ಪಾ, ಒಗದು ಕೊಡ್ತೀನಿ" ಅಂತ ಧೋತರ ಇಸ್ಕೊಳ್ಳಲಿ, ಒಗೀಬಾರದು. ಹಿಂದಿನ ದಿನ ಮುತ್ತೈದಿ ಎರಡೂ ಕೈಲೆ ಹೊತ್ತ ಪಾನದಾನ ಇವತ್ತು ಹುಡುಗ ತಲಿ ಮ್ಯಾಲಿಟ್ಟು ಕುಣೀತಾನ. ಅದೂ ಒಂದು ನಗಿ, ಅದೂ ಒಂದು ಸುಳಿವು: ಅಲ್ಯುಮಿನಿಯಂ ಹಗುರ.

ಪಿಎಸ್‌ಐನ ಎರಡನೇ ಅಧ್ಯಾಯಕ್ಕೇ ಯಾಕ ಕರದ್ರಿ? ಬೀಗರ ಮುಂದ ಮಾನ ಹೋಗತದಂತ ಸಾವುಕಾರರು ಪೊಲೀಸರಿಗೆ ಬಾಯಿ ಬಿಡಂಗಿಲ್ಲ. ಅದಕ್ಕೇ ಶಾಂತಕ್ಕನಿಗೆ ಕೆಲಸ. ಸೂಜಿ ಹಿಡದು ಮೂಲ್ಯಾಗ ಕುಂತಾಕಿ ಮುಂದ ಯಾರೂ ಮಾತು ನುಂಗೂದಿಲ್ಲ. ಸಾಲದ ಮಾತು, ಒಡವಿ ಒತ್ತಿ ಇಟ್ಟ ಮಾತು ಎಲ್ಲಾ ಆಕಿ ಕಿವಿಗೇ ಬೀಳತಾವ. ಸಾವುಕಾರರ ಶ್ರೀಮಂತಿಕಿ ಕಾರಿನಾಗ ತೋರಸಬ್ಯಾಡ್ರಿ, ಈ ಪಿಸುಮಾತಿನಾಗ ತೋರಸ್ರಿ.

ಇನ್ನೊಂದು, ಮದುವಿ ಡಿಸೆಂಬರ್ 25ಕ್ಕ ಇಟ್ಟೀರಿ. ಧನುರ್ಮಾಸದಾಗ ಯಾವ ಸಾವುಕಾರ ಮಗಳ ಮದುವಿ ಮಾಡ್ತಾನ್ರಿ? ಮೇ ತಿಂಗಳಿಗೆ ತಗೋರಿ. ನಮ್ಮ 42 ಡಿಗ್ರಿ ಬಿಸಲಾಗ ಬೆವತ ಕೈ ಬೀಗರು ಧೋತರಕ್ಕೇ ಒರಸ್ತಾರ. ಕರೆಂಟ್ ಹೋಗಿ ಜನರೇಟರ್ ಹತ್ತೂತನಕ ಐದು ನಿಮಿಷ ಕತ್ತಲಿ, ಪಾನದಾನ ಬದಲಾಗಾಕ ಅಷ್ಟು ಸಾಕು.