ಮ್ಯೂನಿಕ್‌ಗೆ ಸಂಸಾರ ಸಮೇತ ಹೊರಟಿದ್ದೇವೆ. ಹೆಲ್ತ್, ಮನೆ, ಕಾರು ಇನ್ಶೂರೆನ್ಸ್ ಹೇಗೆ ಆರಿಸಿಕೊಳ್ಳಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ವಯಸ್ಸು 38, ಸಂಬಳ ವರ್ಷಕ್ಕೆ 80,000 ಯೂರೊ, ಜೊತೆಗೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು, ಅಪ್ಪ ಅಮ್ಮ ಮೈಸೂರಿನಲ್ಲೇ ಇರುತ್ತಾರೆ. ಹೊರಡಲು ಮೂರು ತಿಂಗಳಿದೆ. ಒಬ್ಬ ಏಜೆಂಟ್ ಫೋನ್ ಮಾಡಿ ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಅಗ್ಗ, ಈ ವಾರವೇ ಸಹಿ ಹಾಕಿ ಅಂದಿದ್ದಾರೆ. ನಾನು 2016ರಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನಾನು ಇನ್ಶೂರೆನ್ಸ್ ಮಾರುವವನಲ್ಲ. ಬಂದ ಹೊಸದರಲ್ಲಿ ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಯಾವುದು ಅಗ್ಗ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು ಒಂದು ವಿಷಯ ನೋಡಿ. ಇವತ್ತು ಮಾಡಿದ ತೀರ್ಮಾನವನ್ನು ನಾಳೆ ಬದಲಾಯಿಸಲು ಆಗುತ್ತದಾ? ಕಾರಿನ ಪಾಲಿಸಿ ಸರಿಯಿಲ್ಲ ಅಂದರೆ ಮುಂದಿನ ವರ್ಷ ಬೇರೆ ಕಡೆ ಹೋಗಬಹುದು. ಆದರೆ ಕೆಲವು ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಹೆಲ್ತ್ ಇನ್ಶೂರೆನ್ಸ್ ಅಂಥದ್ದು. ಊರಲ್ಲಿ ಬಿಟ್ಟು ಬರುವ ಪಾಲಿಸಿಯೂ ಅಂಥದ್ದೇ.

ಮೊದಲು ಹೆಲ್ತ್. ಜರ್ಮನಿಯಲ್ಲಿ ಇದು ಎಲ್ಲರಿಗೂ ಕಡ್ಡಾಯ. ಎರಡು ದಾರಿ ಇವೆ: ಸರ್ಕಾರಿ ನಿಯಮದಡಿ ನಡೆಯುವ ಕ್ರಾಂಕನ್‌ಕಾಸೆ (ಚಿಕ್ಕದಾಗಿ ಕಾಸೆ) ಅನ್ನುವ ವಿಮಾ ಸಂಸ್ಥೆಗಳು, ಇಲ್ಲವೇ ಪ್ರೈವೇಟ್. ಪ್ರೈವೇಟ್ ಎಲ್ಲ ನೌಕರರಿಗೂ ಸಿಗುವುದಿಲ್ಲ. 2026ಕ್ಕೆ ವರ್ಷದ ಸಂಬಳ 77,400 ಯೂರೊ ದಾಟಿದರೆ ಮಾತ್ರ ಆಯ್ಕೆ ಇರುತ್ತದೆ. ನಿಮ್ಮದು ಸ್ವಲ್ಪ ಮೇಲಿದೆ, ಅದಕ್ಕೇ ಏಜೆಂಟ್ ಬೆನ್ನು ಹತ್ತಿದ್ದಾರೆ.

ಕಾಸೆಯಲ್ಲಿ ಕಂತು ಸಂಬಳದ ಮೇಲೆ ನಿಂತಿದೆ, ವಯಸ್ಸು ಕಾಯಿಲೆ ಯಾರೂ ಕೇಳುವುದಿಲ್ಲ. ಮೂಲ ದರ 14.6%, ಅದರ ಮೇಲೆ ಪ್ರತಿ ಕಾಸೆಯೂ ತನ್ನದೊಂದು ಹೆಚ್ಚುವರಿ ದರ ಸೇರಿಸುತ್ತದೆ. 2026ಕ್ಕೆ ಸರ್ಕಾರ ಪ್ರಕಟಿಸಿದ ಸರಾಸರಿ 2.9%. ಅರ್ಧ ಕಂಪನಿ ಕಟ್ಟುತ್ತದೆ. ಲೆಕ್ಕ ಹಾಕುವುದು ತಿಂಗಳಿಗೆ 5,812.50 ಯೂರೊ ಸಂಬಳದವರೆಗೆ ಮಾತ್ರ. ಹಾಗಾಗಿ ನಿಮ್ಮ ಪಾಲು ಸುಮಾರು 509 ಯೂರೊ. ಮುಪ್ಪಿನಲ್ಲಿ ಆರೈಕೆಗೆಂದು ಕಡಿಯುವ ಇನ್ನೊಂದು ಕಂತು ಸೇರಿದರೆ ತಿಂಗಳಿಗೆ ಸುಮಾರು 613. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ದುಡ್ಡಿನಲ್ಲಿ ನಿಮ್ಮ ಹೆಂಡತಿ, ಮಗಳು ಇಬ್ಬರೂ ಸೇರುತ್ತಾರೆ. ಹೆಂಡತಿಗೆ ತಿಂಗಳಿಗೆ 565 ಯೂರೊಗಿಂತ ಹೆಚ್ಚು ಆದಾಯ ಇಲ್ಲದಿರುವವರೆಗೆ ಒಂದು ಸೆಂಟ್ ಕೂಡ ಬೇರೆ ಕಟ್ಟಬೇಕಿಲ್ಲ. ನಾಳೆ ಇನ್ನೊಂದು ಮಗು ಆದರೂ ಅಷ್ಟೇ.

ಪ್ರೈವೇಟ್‌ನಲ್ಲಿ ತಲೆಗೊಂದು ಕಂತು. ಏಜೆಂಟ್ ಹೇಳಿದ್ದು ನಿಮ್ಮೊಬ್ಬರ ಕಂತು ಇರಬಹುದು. ಹೆಂಡತಿಯದೆಷ್ಟು, ಮಗಳದೆಷ್ಟು ಅಂತ ಕೇಳಿ ನೋಡಿ. ನೀವು ಪ್ರೈವೇಟ್‌ಗೆ ಹೋಗಿ, ಮುಂದೆ ಹೆಂಡತಿ ಕೆಲಸಕ್ಕೆ ಸೇರಿ ಕಾಸೆಯಲ್ಲಿದ್ದರೂ, ಮಗಳು ಅವರ ಜೊತೆ ಉಚಿತವಾಗಿ ಸೇರಲು ಆಗುವುದಿಲ್ಲ. ಹೆಚ್ಚು ದುಡಿಯುವವರು ಪ್ರೈವೇಟ್‌ನಲ್ಲಿದ್ದು ಅವರ ಸಂಬಳ ಆ 77,400ರ ಮಿತಿ ದಾಟಿದ್ದರೆ ನಿಯಮ ಹಾಗಿದೆ. ಅರ್ಜಿಯಲ್ಲಿ ಹಳೆಯ ಕಾಯಿಲೆಗಳನ್ನೆಲ್ಲ ಬರೆಯಬೇಕು. ಶುಗರ್, ಬಿಪಿ ಇದ್ದರೆ ಕಂತು ಏರಿಸುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಬಚ್ಚಿಟ್ಟರೆ ಮುಂದೆ ಪಾಲಿಸಿಯೇ ಬಿದ್ದುಹೋಗಬಹುದು.

ಪ್ರೈವೇಟ್‌ನಲ್ಲಿ ಒಳ್ಳೆಯದೇ ಇಲ್ಲ ಅಂತಲ್ಲ. ಸ್ಪೆಷಲಿಸ್ಟ್ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ. ಕಾಸೆ ಕಾರ್ಡ್ ಅಂದರೆ ಚರ್ಮದ ಡಾಕ್ಟರಿಗೆ ಎರಡು ಮೂರು ತಿಂಗಳು ಕಾದಿದ್ದೇನೆ, ಅದು ಬೇಸರದ ಮಾತೇ. ಒಬ್ಬರೇ ಇದ್ದು, ಆರೋಗ್ಯ ಚೆನ್ನಾಗಿದ್ದು, ಮೂರು ವರ್ಷದಲ್ಲಿ ವಾಪಸ್ ಹೋಗುವುದು ಖಚಿತ ಅಂದರೆ ಪ್ರೈವೇಟ್ ಲೆಕ್ಕಕ್ಕೆ ಬರಬಹುದು. ಆದರೆ ಸಂಸಾರದ ಜೊತೆ ಬರುತ್ತಿರುವವರಿಗೆ ನಾನು ಕಾಸೆಯನ್ನೇ ಹೇಳುವುದು. ಪ್ರೈವೇಟ್‌ನಿಂದ ವಾಪಸ್ ಬರಬೇಕಾದರೆ ಸಾಮಾನ್ಯವಾಗಿ ಸಂಬಳ ಆ ಮಿತಿಗಿಂತ ಕೆಳಗಿಳಿಯಬೇಕು. 55 ದಾಟಿದ ಮೇಲೆ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಕಂತು ಮಾತ್ರ ವರ್ಷ ಕಳೆದ ಹಾಗೆ ಏರುತ್ತಾ ಹೋಗುತ್ತದೆ. ಮೂರೇ ವರ್ಷ ಅಂತ ಬಂದು ಹದಿನೈದು ವರ್ಷ ಉಳಿದವರನ್ನು ನಾನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬನಾಗುವ ಹಾಗಿದೆ.

ಟೆಕ್ನಿಕರ್, ಆಒಕೆ, ಬಾರ್ಮರ್, ಯಾವ ಕಾಸೆ ಅಂತ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಸಿಗುವ ಚಿಕಿತ್ಸೆ ಬಹುಪಾಲು ಒಂದೇ, ಕಾನೂನೇ ಅದನ್ನು ಗೊತ್ತು ಮಾಡಿದೆ. ಹೆಚ್ಚುವರಿ ದರ, ಇಂಗ್ಲಿಷ್‌ನಲ್ಲಿ ಫೋನ್ ಎತ್ತುತ್ತಾರಾ, ಇವೆರಡು ನೋಡಿ. ಹಿಡಿಸಲಿಲ್ಲ ಅಂದರೆ ಒಂದು ವರ್ಷದ ಮೇಲೆ ಬದಲಾಯಿಸಬಹುದು. ಒಂದು ಎಚ್ಚರ: ಕೆಲಸ ಶುರುವಾಗುವ ದಿನದಿಂದ ಕಾಸೆ ಶುರು. ಎರಡು ವಾರ ಮುಂಚೆಯೇ ಬಂದಿಳಿಯುವುದಾದರೆ ಆ ದಿನಗಳಿಗೆ ಮೂರೂ ಜನಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ವೀಸಾಕ್ಕೂ ಅದನ್ನು ಕೇಳುತ್ತಾರೆ.

ಇನ್ನು ನೀವು ಕೇಳದೇ ಬಿಟ್ಟ ಒಂದು ವಿಮೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಅದರ ಹೆಸರು ಹಾಫ್ಟ್‌ಫ್ಲಿಖ್ಟ್. ನಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ತುಂಬಿಕೊಡುವ ವಿಮೆ. ನಮ್ಮೂರಲ್ಲಿ ಇಂಥದ್ದನ್ನು ಮನೆಮಂದಿ ಮಾಡಿಸುವ ರೂಢಿಯೇ ಇಲ್ಲ.

ನಾನು ಬಂದ ಮೊದಲ ಚಳಿಗಾಲ. ಇಲ್ಲಿ ಬಾಡಿಗೆ ಮನೆಗೆ ಎಷ್ಟೋ ಸಲ ಅಡುಗೆಮನೆಯ ಕಪಾಟೂ ಇರುವುದಿಲ್ಲ, ಎಲ್ಲ ನಾವೇ ತರಬೇಕು. ಹಳೆಯ ವಾಷಿಂಗ್ ಮೆಷಿನ್ ಒಂದು ಕೊಂಡುತಂದು ಪೈಪನ್ನು ನಾನೇ ಸಿಕ್ಕಿಸಿದ್ದೆ. ಶನಿವಾರ ಬೆಳಿಗ್ಗೆ ಬಟ್ಟೆ ಹಾಕಿ ತರಕಾರಿ ತರಲು ಹೋದೆ. ವಾಪಸ್ ಬಂದಾಗ ಕೆಳಗಿನ ಮನೆಯ ಅಜ್ಜಿ ಕೈಯಲ್ಲಿ ಒದ್ದೆ ಟವೆಲ್ ಹಿಡಿದು ನಮ್ಮ ಬಾಗಿಲ ಮುಂದೆ ನಿಂತಿದ್ದರು. ಬೈಯಲಿಲ್ಲ. ಬನ್ನಿ ಅಂತ ಕೈಸನ್ನೆ ಮಾಡಿ ಕರೆದುಕೊಂಡು ಹೋದರು. ಅವರ ಹಾಲ್‌ನ ಚಾವಣಿಯಲ್ಲಿ ಕಂದು ಬಣ್ಣದ ಕಲೆ ಅಗಲವಾಗಿ ಹರಡಿತ್ತು. ಅದರ ನಡುವಿನಿಂದ ನೀರು ತೊಟ್ಟು ತೊಟ್ಟಾಗಿ ಮರದ ಪುಸ್ತಕದ ಕಪಾಟಿನ ಮೇಲೆ ಬೀಳುತ್ತಿತ್ತು. ತೀರಿಹೋದ ಯಜಮಾನರ ಪುಸ್ತಕಗಳು. ಅಜ್ಜಿ ಒಂದನ್ನು ತೆಗೆದು ಬಿಡಿಸಲು ನೋಡಿದರು. ಹಾಳೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ನನಗೆ ಆಗ ಸರಿಯಾಗಿ ಕ್ಷಮೆ ಕೇಳಲೂ ಜರ್ಮನ್ ಬರುತ್ತಿರಲಿಲ್ಲ.

ಕಪಾಟು, ಕಾರ್ಪೆಟ್, ಪುಸ್ತಕ ಸೇರಿ ನನ್ನ ಪಾಲಿಗೆ ಬಂದದ್ದು 2,800 ಯೂರೊ. ತಿಂಗಳಿಗೆ 400ರಂತೆ ಏಳು ತಿಂಗಳು ಕಟ್ಟಿದೆ. ಆ ವಿಮೆ ಇದ್ದಿದ್ದರೆ ಇಡೀ ಸಂಸಾರಕ್ಕೆ ವರ್ಷಕ್ಕೆ 70 ಯೂರೊ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಇದು ಸಣ್ಣ ನಷ್ಟ. ಸೈಕಲ್‌ನಲ್ಲಿ ಹೋಗುವಾಗ ಯಾರಿಗಾದರೂ ಗುದ್ದಿ ಅವರ ಕಾಲು ಮುರಿದರೆ ಚಿಕಿತ್ಸೆ, ಅವರ ಸಂಬಳ ಎಲ್ಲ ನಮ್ಮ ಮೇಲೇ ಬರುತ್ತದೆ. ಜರ್ಮನಿಯ ಸಿವಿಲ್ ಕಾನೂನಿನ 823ನೇ ಕಲಮಿನ ಪ್ರಕಾರ ಈ ಹೊಣೆಗೆ ಇಷ್ಟೇ ಅಂತ ಮಿತಿಯಿಲ್ಲ.

ಬಂದಿಳಿದ ವಾರವೇ ಮಾಡಿಸಿ. ಮಾಡಿಸುವಾಗ ಎರಡು ವಿಷಯ ಕೇಳಿ. ಒಂದು, ಮನೆ ಕೀಲಿ ಕಳೆದರೆ ಕೊಡುತ್ತಾರಾ? ಅಪಾರ್ಟ್‌ಮೆಂಟ್‌ಗಳಲ್ಲಿ ನಿಮ್ಮ ಬಾಗಿಲ ಕೀಲಿಯೇ ಮುಖ್ಯ ಬಾಗಿಲನ್ನೂ ತೆರೆಯುತ್ತದೆ. ಒಂದು ಕಳೆದರೆ ಇಡೀ ಕಟ್ಟಡದ ಬೀಗ ಬದಲಾಯಿಸಿ ಬಿಲ್ ಕಳಿಸಬಹುದು. ಇನ್ನೊಂದು ನಿಮ್ಮ ಮಗಳ ವಿಷಯ. ಏಳು ವರ್ಷದೊಳಗಿನ ಮಗು ಮಾಡಿದ ನಷ್ಟಕ್ಕೆ ಕಾನೂನಿನಲ್ಲಿ ಮಗು ಹೊಣೆಯಲ್ಲ. ನೀವು ಸರಿಯಾಗಿ ನೋಡಿಕೊಳ್ಳುತ್ತಿದ್ದರೆ ನೀವೂ ಅಲ್ಲ. ಹಾಗಾಗಿ ವಿಮೆಯವರು ಕೊಡಬೇಕಿಲ್ಲ. ಆದರೆ ಪಕ್ಕದ ಮನೆಯವರ ಕಾರಿಗೆ ನಿಮ್ಮ ಮಗು ಸೈಕಲ್ ತಾಗಿಸಿ ಗೀರಿದರೆ ನಮಗೆ ಸಂಬಂಧವಿಲ್ಲ ಅಂತ ಹೇಳಿ ಅದೇ ಬೀದಿಯಲ್ಲಿ ಬದುಕುವುದು ಹೇಗೆ? ಅಂಥ ಮಕ್ಕಳ ನಷ್ಟವನ್ನೂ ಸೇರಿಸುವ ಪಾಲಿಸಿಗಳಿವೆ. ಅದನ್ನೇ ಆರಿಸಿ.

ಮನೆ ಸಾಮಾನಿನ ವಿಮೆ, ಹೌಸ್‌ರಾಟ್ ಅನ್ನುತ್ತಾರೆ, ಅದಕ್ಕೆ ಅವಸರ ಬೇಡ. ಕಟ್ಟಡದ ವಿಮೆ ಮಾಲೀಕರದ್ದು, ನಿಮ್ಮದಲ್ಲ. ಇದು ನಿಮ್ಮ ಸೋಫಾ, ಟಿವಿ, ಬಟ್ಟೆಗೆ ಬೆಂಕಿ, ನಲ್ಲಿ ನೀರು, ಬಿರುಗಾಳಿ, ಕಳ್ಳತನದಿಂದ ಆಗುವ ನಷ್ಟಕ್ಕೆ. ಮೊದಲ ವರ್ಷ ನಾಲ್ಕು ಸೂಟ್‌ಕೇಸು, ಒಂದು ಹಾಸಿಗೆ ಇರುವಾಗ ಸುಮ್ನೆ ಯಾಕೆ? ಸಾಮಾನು ಸೇರಿದ ಮೇಲೆ ಮಾಡಿಸಿ. ಪ್ರವಾಹಕ್ಕೆ ಬೇರೆ ಕವರ್ ಹಾಕಿಸಬೇಕು. 2021ರ ಜುಲೈನಲ್ಲಿ ಪಶ್ಚಿಮ ಜರ್ಮನಿಯ ಆರ್ ನದಿ ಕಣಿವೆ ಪ್ರವಾಹದಲ್ಲಿ ಮುಳುಗಿದಾಗ ಅದಿಲ್ಲದವರು ಎಷ್ಟೋ ಜನ. ನೆಲಮಹಡಿ ಮನೆಯಾದರೆ ಹಾಕಿಸಿ.

ಚಿನ್ನ ಮಾತ್ರ ತರಬೇಡಿ. ಸೇಫ್‌ನಲ್ಲಿ ಇಡದ ಒಡವೆಗೆ ಈ ಪಾಲಿಸಿಗಳಲ್ಲಿ ಮಿತಿ ಇರುತ್ತದೆ, ಮಾಂಗಲ್ಯ, ನಿತ್ಯದ ಬಳೆ ಬಿಟ್ಟು ಉಳಿದದ್ದು ಮೈಸೂರಿನ ಬ್ಯಾಂಕ್ ಲಾಕರ್‌ನಲ್ಲೇ ಇರಲಿ. ಅಲ್ಲೂ ಒಂದು ಲೆಕ್ಕ ತಿಳಿದಿರಲಿ. ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸದಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ, 2022ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮ ಹಾಗಿದೆ. ಬಾಡಿಗೆ 3,000 ರೂಪಾಯಿ ಆದರೆ 3 ಲಕ್ಷ. ಒಡವೆ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ಬೇರೆ ವಿಮೆ ಮಾಡಿಸಿ ಬನ್ನಿ.

ಕಾರು. ಮ್ಯೂನಿಕ್‌ನಲ್ಲಿ ಮೊದಲ ವರ್ಷ ಬೇಕೇ ಅಂತ ಯೋಚಿಸಿ. ತಿಂಗಳಿಗೆ 63 ಯೂರೊ ಡಾಯ್ಚ್‌ಲಾಂಡ್‌ಟಿಕೆಟ್ ತಗೊಂಡರೆ ದೇಶದ ಲೋಕಲ್ ರೈಲು, ಬಸ್, ಟ್ರಾಮ್ ಎಲ್ಲದರಲ್ಲೂ ಓಡಾಡಬಹುದು. ಕಾರು ಬೇಕೇ ಬೇಕು ಅಂದರೆ ಮೊದಲ ಗಡುವು ಡ್ರೈವಿಂಗ್ ಲೈಸೆನ್ಸ್. ನಮ್ಮ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಅರ್ಜಿ ಮುಂದೆ ಸಾಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ಬಂದ ಎರಡನೇ ತಿಂಗಳೇ ಶುರು ಮಾಡಿ. ಲೈಸೆನ್ಸ್ ಅವಧಿ ಮುಗಿದ ಮೇಲೆ ಓಡಿಸಿದರೆ ಅದು ಅಪರಾಧ. ಆಕ್ಸಿಡೆಂಟ್ ಆದರೆ ವಿಮೆಯವರು ನಿಮ್ಮಿಂದಲೇ ವಸೂಲಿಗೆ ಬರಬಹುದು.

ಕಾರಿನ ವಿಮೆಯಲ್ಲಿ ಮೂರು ಮಟ್ಟ. ಎದುರಿನವರ ನಷ್ಟಕ್ಕೆ ಇರುವುದು ಕಡ್ಡಾಯ, ನಮ್ಮ ಥರ್ಡ್ ಪಾರ್ಟಿ ಇದ್ದ ಹಾಗೆ. ಟೈಲ್‌ಕಾಸ್ಕೊ ಅಂದರೆ ಕಳ್ಳತನ, ಗಾಜು, ಆಲಿಕಲ್ಲು, ಬೆಂಕಿ ಇವಕ್ಕೆ. ಫೋಲ್‌ಕಾಸ್ಕೊ ಅಂದರೆ ನೀವೇ ಗುದ್ದಿಕೊಂಡರೂ ಕೊಡುತ್ತಾರೆ. ಹಳೆಯ ಕಾರಿಗೆ ಟೈಲ್‌ಕಾಸ್ಕೊ ಸಾಕು, ಆದರೆ ಅದನ್ನು ಬಿಡಬೇಡಿ. ಮ್ಯೂನಿಕ್‌ನಲ್ಲಿ 1984ರ ಜುಲೈ 12ರಂದು ಬಿದ್ದ ಆಲಿಕಲ್ಲಿಗೆ ಸುಮಾರು 2 ಲಕ್ಷ ಕಾರು ಜಖಂ ಆಗಿದ್ದವು. ಇನ್ನೊಂದು, ಮಾರ್ಡರ್ ಅಂತ ಮುಂಗುಸಿಯಂಥ ಪ್ರಾಣಿ ರಾತ್ರಿ ಬಾನೆಟ್ ಒಳಗೆ ಹೊಕ್ಕು ವೈರ್ ಕಡಿಯುತ್ತದೆ. ನನ್ನ ಕಾರಿನದು ಎರಡು ಸಲ ಕಡಿದಿದೆ. ಅದರಿಂದ ಮುಂದೆ ಎಂಜಿನ್ನಿಗೆ ಆಗುವ ನಷ್ಟವೂ ಸೇರಿದೆಯಾ ಅಂತ ಓದಿ ನೋಡಿ.

ಕಂತು ಎಷ್ಟು ಅನ್ನುವುದು ಆಕ್ಸಿಡೆಂಟ್ ಇಲ್ಲದೆ ಎಷ್ಟು ವರ್ಷ ಓಡಿಸಿದ್ದೀರಿ ಅನ್ನುವುದರ ಮೇಲೆ. ಊರಿನ ವರ್ಷಗಳನ್ನು ಬಹಳ ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವರು ಪತ್ರ ತೋರಿಸಿದರೆ ಒಪ್ಪುತ್ತಾರೆ. ಅದಕ್ಕೆ, ಊರಲ್ಲಿ ಕಾರು ಮಾರುವಾಗ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರವನ್ನು ಇಂಗ್ಲಿಷ್‌ನಲ್ಲಿ, ಎಷ್ಟು ವರ್ಷ ಕ್ಲೇಮ್ ಇಲ್ಲ ಅನ್ನುವುದನ್ನು ಬರೆಸಿಕೊಂಡು ಬನ್ನಿ. ಇಲ್ಲಿಂದ ಫೋನ್ ಮಾಡಿ ತರಿಸಿಕೊಳ್ಳಲು ನಾನು ನಾಲ್ಕು ತಿಂಗಳು ಒದ್ದಾಡಿದೆ. ಮೂರು ವರ್ಷದೊಳಗೆ ವಾಪಸ್ ಹೋಗಿ ಅಲ್ಲಿ ಕಾರು ಕೊಂಡರೂ ಅದೇ ಪತ್ರ ಕೆಲಸಕ್ಕೆ ಬರುತ್ತದೆ.

ಈಗ ಮೈಸೂರು. ದಯವಿಟ್ಟು ಇದನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. ಅಪ್ಪ ಅಮ್ಮ ನಿಮ್ಮ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದಾರೆ ಅಂತ ಬರೆದಿದ್ದೀರಿ. ನೀವು ಕೆಲಸ ಬಿಟ್ಟ ದಿನವೇ ಅದು ಮುಗಿಯುತ್ತದೆ. ಅವರನ್ನು ಇಲ್ಲಿಯ ಕಾಸೆಗೆ ಸೇರಿಸಲು ಆಗುವುದಿಲ್ಲ. ಹೊಸ ಪಾಲಿಸಿ ಮಾಡಿಸಿದರೆ ಅಪ್ಪನ ಶುಗರ್‌ನಂಥ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆದರೆ ಗ್ರೂಪ್‌ನಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡರೆ ಈವರೆಗಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಇದನ್ನು ರಾಜೀನಾಮೆ ಕೊಟ್ಟ ವಾರವೇ ಎಚ್‌ಆರ್‌ಗೆ ಬರೆದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಹೆಲ್ತ್ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ.

ನಿಮ್ಮದೇ ಸ್ವಂತ ಪಾಲಿಸಿ ಇದ್ದರೆ ಅದನ್ನೂ ನಿಲ್ಲಿಸಬೇಡಿ. ಐದು ವರ್ಷ ಬಿಡದೆ ನಡೆಸಿದ ಪಾಲಿಸಿಯ ಕ್ಲೇಮನ್ನು, ಮೋಸ ಅಂತ ರುಜುವಾತಾಗದ ಹೊರತು, ಹಳೆಯ ಕಾಯಿಲೆ ಹೇಳಲಿಲ್ಲ ಅಂತ ತಳ್ಳಿಹಾಕುವಂತಿಲ್ಲ. ಎರಡು ವರ್ಷ ಕಟ್ಟದೆ ಬಿಟ್ಟರೆ ಆ ಎಣಿಕೆ ಮತ್ತೆ ಒಂದರಿಂದ ಶುರು.

ಅಪ್ಪ ಅಮ್ಮ ಮಗುವನ್ನು ನೋಡಲು ಬರುವಾಗ ವೀಸಾಕ್ಕೆ ಕಡಿಮೆ ಅಂದರೆ 30,000 ಯೂರೊ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಅತಿ ಅಗ್ಗದ್ದನ್ನು ಆರಿಸಬೇಡಿ. ಹಳೆಯ ಕಾಯಿಲೆಯಿಂದ ಪ್ರಾಣಕ್ಕೆ ಅಪಾಯ ಬಂದಾಗ ಎಷ್ಟರವರೆಗೆ ಕೊಡುತ್ತಾರೆ ಅನ್ನುವ ಸಾಲನ್ನು ಹುಡುಕಿ ಓದಿ. ಮಾತ್ರೆಗಳನ್ನು ಇಡೀ ಪ್ರವಾಸಕ್ಕೆ ಸಾಕಾಗುವಷ್ಟು, ಡಾಕ್ಟರ ಚೀಟಿ ಸಮೇತ ತರಲಿ.

ಆ ಏಜೆಂಟ್ ವಿಷಯ. ಈ ವಾರ ಸಹಿ ಹಾಕಲೇಬೇಕಾದ ಕಾರಣ ಏನೂ ಇಲ್ಲ. ನಿಮ್ಮ ಹೊಸ ಕಂಪನಿಯ ಎಚ್‌ಆರ್‌ಗೆ ಕೆಲಸ ಶುರುವಾಗುವ ಹೊತ್ತಿಗೆ ಕಾಸೆಯ ಹೆಸರು ಹೇಳಿದರೆ ಸಾಕು. ಈಗಾಗಲೇ ಸಹಿ ಹಾಕಿ ಕಳಿಸಿದ್ದರೂ ಹೆದರಬೇಡಿ. ಪಾಲಿಸಿ ಕಾಗದ ಕೈಗೆ ಬಂದ ಮೇಲೆ 14 ದಿನದೊಳಗೆ, ಕಾರಣ ಕೊಡದೆ, ಬೇಡ ಅಂತ ಬರೆದು ಕಳಿಸುವ ಹಕ್ಕು ಇಲ್ಲಿಯ ಕಾನೂನಿನಲ್ಲಿದೆ. ಇಮೇಲ್ ಮಾಡಿ, ಅದರ ಪ್ರತಿ ಇಟ್ಟುಕೊಳ್ಳಿ. ಹೆಂಡತಿಗೆ ಅಥವಾ ನಿಮಗೆ ಮೊದಲಿಂದ ಏನಾದರೂ ಕಾಯಿಲೆ ಇದ್ದರೆ ಇಲ್ಲಿ ಬರೆಯಬೇಡಿ, ನನಗೆ ಮೆಸೇಜ್ ಮಾಡಿ. ನನಗೆ ತಿಳಿದಷ್ಟು ಹೇಳುತ್ತೇನೆ.