ಈಜು ಕಲಿಯುವ ಮಕ್ಕಳ ಭುಜ ನೋಯದಂತೆ ದೊಡ್ಡ ಜಿಮ್ ಬಾಲ್ ಮೇಲಿನ ವ್ಯಾಯಾಮ ಹೇಗೆ ಕಾಪಾಡುತ್ತದೆ?

ಭುಜದ ಹಲಗೆಯನ್ನು ಬೆನ್ನಿಗೆ ಭದ್ರವಾಗಿ ಹಿಡಿದಿಡುವ ಸ್ನಾಯುಗಳನ್ನು ಬಲಪಡಿಸುವ ಮೂಲಕ ಅದು ಭುಜವನ್ನು ಕಾಯುತ್ತದೆ. ಫ್ರೀಸ್ಟೈಲ್ ಈಜಿನಲ್ಲಿ ನೀರನ್ನು ಹಿಂದಕ್ಕೆಳೆಯುವ ಎದೆ, ಬೆನ್ನಿನ ದೊಡ್ಡ ಸ್ನಾಯುಗಳು ಅಭ್ಯಾಸದಿಂದ ಬಲಿಯುತ್ತವೆ. ಹಲಗೆಯನ್ನು ಹಿಡಿಯುವ ಸ್ನಾಯುಗಳು ಅಷ್ಟು ಬಲಿಯದೆ ದಣಿದಾಗ, ಕೈ ಎತ್ತಿದಂತೆಲ್ಲ ಭುಜದ ಸ್ನಾಯುರಜ್ಜುಗಳು ಮೂಳೆಗಳ ನಡುವೆ ಒತ್ತಿಕೊಂಡು ನೋಯತೊಡಗಬಹುದು.

ಚೆಂಡಿನ ಮೇಲೆ ಬೋರಲಾಗಿ ಮಲಗಿ, ಕಾಲ್ಬೆರಳುಗಳನ್ನು ನೆಲಕ್ಕೂರಿ, ಹೆಬ್ಬೆರಳು ಮೇಲ್ಮುಖವಾಗಿರುವಂತೆ ಕೈಗಳನ್ನು ಓರೆಯಾಗಿ ಮುಂದಕ್ಕೆ ಚಾಚಿ ಎತ್ತಿ ಇಳಿಸಿದರೆ, ಆ ಸ್ನಾಯುಗಳೇ ದುಡಿಯಬೇಕಾಗುತ್ತದೆ. ಚೆಂಡು ಉರುಳದಂತೆ ಹೊಟ್ಟೆಯೂ ಬಿಗಿಯಾಗುತ್ತದೆ. ನನ್ನ ಮಟ್ಟಿಗೆ ಎತ್ತುವಷ್ಟೇ ನಿಧಾನವಾಗಿ ಇಳಿಸುವುದೂ ಮುಖ್ಯ. ಕೊಡಗಿನ ಮಳೆಗಾಲದಲ್ಲಿ ಕೊಳಕ್ಕೆ ಇಳಿಯಲಾಗದ ದಿನಗಳಲ್ಲಿ ಇದನ್ನು ಮನೆಯ ಹಜಾರದಲ್ಲೇ ಮಾಡಬಹುದು. ಕೂತಾಗ ಮಂಡಿ ಸುಮಾರು 90 ಡಿಗ್ರಿ ಮಡಚುವಷ್ಟು ಎತ್ತರದ ಚೆಂಡು ಸಾಕು. ಈಗಾಗಲೇ ನೋವಿದ್ದರೆ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಬೇಕು.