ಆ ಐದು ವರ್ಷ ಎಲ್ಲೂ ಹೋಗಿಲ್ಲ

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಮೂರು ದಿನದಿಂದ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಂಗತಿ ಇಷ್ಟು. ಅವರದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಐದು ವರ್ಷ ಲ್ಯಾಬ್‌ನಲ್ಲಿ ಕೆಲಸ. ಒಂದು ದಿನ ಅಕ್ಕಪಕ್ಕದ ಎರಡು ಬಾಟಲಿ ಅದಲುಬದಲಾಗಿ ಸ್ವಲ್ಪದರಲ್ಲೇ ಅನಾಹುತ ತಪ್ಪಿತಂತೆ. ಎರಡರ ಚೀಟಿಯೂ ಒಂದೇ ಥರ. ಮೇಲೆ ದಪ್ಪಕ್ಷರದಲ್ಲಿ ಲ್ಯಾಬ್‌ನ ಹೆಸರು, ಕೆಳಗೆಲ್ಲೋ ಸಣ್ಣಗೆ ಒಳಗೇನಿದೆ ಅನ್ನುವುದು. ಅವತ್ತು ಸಂಜೆ ಇವರು ಕೂತು ಚೀಟಿಗಳನ್ನೆಲ್ಲ ಹೊಸದಾಗಿ ಮಾಡಿದರು. ಒಳಗಿರುವುದರ ಹೆಸರು ದೊಡ್ಡದಾಯಿತು, ಅಪಾಯದ ಗುರುತು ಅದರ ಪಕ್ಕಕ್ಕೆ ಬಂತು, ಲ್ಯಾಬ್‌ನ ಹೆಸರು ಮೂಲೆಗೆ ಹೋಯಿತು. ಆಮೇಲೆ ಯಾರದೋ ಕರಪತ್ರ, ಇನ್ಯಾರದೋ ವರದಿಯ ರಕ್ಷಾಪುಟ. ಈಗ ಎರಡು ವರ್ಷದಿಂದ ಗ್ರಾಫಿಕ್ ಡಿಸೈನೇ ಹೊಟ್ಟೆಪಾಡು.

ಅವರ ಪ್ರಶ್ನೆ: 'ಓದಿದ್ದೆಲ್ಲ ದಂಡವಾಯಿತು ಅನ್ನಿಸುತ್ತದೆ. ಡಿಸೈನ್ ಓದಿ ಬಂದವರ ಪಕ್ಕ ಕೂತರೆ ಬೇರೆಯವರ ಮದುವೆಗೆ ಬಂದ ಹಾಗಾಗುತ್ತದೆ. ಕೆಲಸ ಬಿಟ್ಟು ಮತ್ತೆ ಮೊದಲಿಂದ ಓದಲಾ?'

ಕಾಲೇಜಿನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಲ್ಲಿನ ಮೇಷ್ಟ್ರುಗಳು ನನ್ನನ್ನು ಬಿಡುವುದಿಲ್ಲ. ನಿಮ್ಮ ಬಾಟಲಿಯ ಕತೆ ಓದಿದಾಗ ನೆನಪಾದದ್ದು ಡೆಬೊರಾ ಆಡ್ಲರ್. ನ್ಯೂಯಾರ್ಕಿನಲ್ಲಿ ಡಿಸೈನ್ ಓದುತ್ತಿದ್ದ ಹುಡುಗಿ. ಅವಳ ಅಜ್ಜಿ ಗೊತ್ತಾಗದೆ ಅಜ್ಜನ ಮಾತ್ರೆ ನುಂಗಿಬಿಟ್ಟಿದ್ದರು. ಎರಡು ಡಬ್ಬಿಯೂ ನೋಡಲು ಒಂದೇ ಥರ ಇದ್ದವು. ಆಕೆ ಅದನ್ನೇ ತನ್ನ ಸ್ನಾತಕೋತ್ತರ ಪ್ರಾಜೆಕ್ಟ್ ಮಾಡಿಕೊಂಡಳು. ಔಷಧಿಯ ಹೆಸರು ಎಲ್ಲಕ್ಕಿಂತ ಮೇಲೆ, ಚೀಟಿ ಪೂರ್ತಿ ಕಾಣುವ ಹಾಗೆ ಚಪ್ಪಟೆ ಮೈ, ಡಬ್ಬಿಯ ಕತ್ತಿಗೆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಉಂಗುರ. 2005ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳು ಆ ಡಬ್ಬಿಯಲ್ಲೇ ಔಷಧಿ ಕೊಡಲು ಶುರುಮಾಡಿದವು. ಸರಿ, ಕಾಲೇಜಿಗೂ ಒಂದು ಪ್ರಯೋಜನ ಇದೆ, ಒಪ್ಪಿದೆ. ಆದರೂ ಅಜ್ಜಿ ಆ ಮಾತ್ರೆ ನುಂಗಿದ್ದು ತರಗತಿಯಲ್ಲಿ ಅಲ್ಲ, ಅಲ್ವಾ?

ಈಗ ನನ್ನ ಮಾತಿಗೆ ಬರುತ್ತೇನೆ. ಈ ಕಸುಬಿಗೆ ಅಡ್ಡದಾರಿಯಲ್ಲಿ ಬಂದವರನ್ನು ಹೊರಗೆ ಹಾಕಿದರೆ ಮನೆ ಅರ್ಧಕ್ಕರ್ಧ ಖಾಲಿಯಾಗುತ್ತದೆ. ಲಂಡನ್ನಿನ ಭೂಗತ ರೈಲಿನ ಫಲಕಗಳ ಅಕ್ಷರ ನೋಡಿ. 1916ರಿಂದ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಈಗಲೂ ಅದೇ ಇದೆ. ಅದನ್ನು ಬರೆದ ಎಡ್ವರ್ಡ್ ಜಾನ್‌ಸ್ಟನ್ ಡಾಕ್ಟರಾಗಲು ಹೋದವರು, ಆರೋಗ್ಯ ಕೈಕೊಟ್ಟು ವೈದ್ಯಕೀಯ ಬಿಟ್ಟರು. ಅದೇ ರೈಲಿನ ನಕ್ಷೆ ಮಾಡಿದ ಹ್ಯಾರಿ ಬೆಕ್ ಸಿಗ್ನಲ್ ಕಚೇರಿಯಲ್ಲಿ ತಾಂತ್ರಿಕ ಚಿತ್ರ ಎಳೆಯುವ ಡ್ರಾಫ್ಟ್ಸ್‌ಮನ್. 1931ರಲ್ಲಿ ಬಿಡುವಿನಲ್ಲಿ ಕೂತು, ಊರಿನ ನಿಜವಾದ ಅಂತರ, ತಿರುವು ಎಲ್ಲ ಬಿಟ್ಟು, ಅಡ್ಡ, ಉದ್ದ ಮತ್ತು ಓರೆ ಗೆರೆಗಳಲ್ಲೇ ನಕ್ಷೆ ಎಳೆದರು. ಮೇಲಿನವರು ಮೊದಲು ಬೇಡ ಅಂದರು. 1933ರಲ್ಲಿ ಅಳುಕುತ್ತಲೇ ಅಚ್ಚು ಹಾಕಿಸಿದರು, ಜನ ಮುಗಿಬಿದ್ದರು. ಭೂಮಿಯ ಕೆಳಗೆ ಕೂತವನಿಗೆ ಮೇಲೆ ಯಾವ ತಿರುವು ಇದ್ದರೇನು? ಮುಂದಿನ ನಿಲ್ದಾಣ ಯಾವುದು, ಎಲ್ಲಿ ರೈಲು ಬದಲಿಸಬೇಕು, ಅವನಿಗೆ ಬೇಕಾದ್ದು ಅಷ್ಟೇ. ಅದು ಹೊಳೆದದ್ದು ಒಬ್ಬ ಡ್ರಾಫ್ಟ್ಸ್‌ಮನ್‌ಗೆ.

ನನಗೆ ಎಲ್ಲರಿಗಿಂತ ಇಷ್ಟ ಸೂಸನ್ ಕೇರ್. ಲಲಿತಕಲೆಯಲ್ಲಿ ಪಿಎಚ್.ಡಿ. ಮಾಡಿದವರು, ಕಂಪ್ಯೂಟರ್‌ಗೂ ಅವರಿಗೂ ಸಂಬಂಧವೇ ಇರಲಿಲ್ಲ. ಒಂದು ಮ್ಯೂಸಿಯಮ್ಮಿಗೆ ನಿಜವಾದ ಹಂದಿಯಷ್ಟೇ ದೊಡ್ಡ ಹಂದಿಯ ಶಿಲ್ಪ ಮಾಡುತ್ತಿದ್ದರಂತೆ. ಆಗ ಆಪಲ್‌ನಲ್ಲಿದ್ದ ಶಾಲೆಯ ಗೆಳೆಯ ಆಂಡಿ ಹರ್ಟ್ಸ್‌ಫೆಲ್ಡ್ ಫೋನ್ ಮಾಡಿ, ಹೊಸ ಯಂತ್ರಕ್ಕೆ ಚಿಕ್ಕ ಚಿಕ್ಕ ಚಿತ್ರ ಬೇಕು ಅಂದರು. ಇವರು ಚೌಕಳಿ ಹಾಳೆಯ ಪುಸ್ತಕ ತಂದು ಒಂದೊಂದೇ ಚೌಕ ತುಂಬುತ್ತಾ ಕೂತರು. ಒಂದು ಚಿತ್ರಕ್ಕೆ ಅಡ್ಡ 32, ಉದ್ದ 32, ಒಟ್ಟು 1024 ಚೌಕ. ಬಣ್ಣ ಇಲ್ಲ, ಕಪ್ಪು ಇಲ್ಲವೇ ಬಿಳಿ. 1984ರ ಮೆಕಿಂತಾಷ್ ಪರದೆಯ ಮೇಲೆ ನಗುವ ಪುಟ್ಟ ಕಂಪ್ಯೂಟರ್, ಕಸದ ಡಬ್ಬಿ, ಬಾಂಬು ಎಲ್ಲ ಹೀಗೆ ಹುಟ್ಟಿದ್ದು. ಆಪಲ್ ಕೀಬೋರ್ಡಿನಲ್ಲಿ ನಾಲ್ಕು ಮೂಲೆಗೂ ಕುಣಿಕೆ ಇರುವ ಚೌಕದ ಗುರುತು ನೋಡಿದ್ದೀರಲ್ಲ? ಅದನ್ನು ಅವರು ಚಿಹ್ನೆಗಳ ಒಂದು ಪುಸ್ತಕ ತಿರುವಿ ಹಾಕುವಾಗ ಕಂಡದ್ದು. ಸ್ವೀಡನ್‌ನಲ್ಲಿ ನೋಡತಕ್ಕ ಜಾಗಕ್ಕೆ ಹಾಕುವ ಗುರುತು ಅದು. ಯಾವ ಸಾಫ್ಟ್‌ವೇರ್ ಕಲಿತಿದ್ದರೆ ಇದು ಸಿಗುತ್ತಿತ್ತು ಹೇಳಿ? ಪುಸ್ತಕ ತಿರುವಿ ಹಾಕುವ ಚಟ ಇತ್ತು, ಸಿಕ್ಕಿತು.

ಅಷ್ಟು ದೂರ ಯಾಕೆ, ನಮ್ಮ ಪತ್ರಿಕೆಯಲ್ಲಿ ಪುಟ ಕಟ್ಟುವವರ ಕತೆಯೇ ಕೇಳಿ. ಮೊದಲು ಅವರು ದರ್ಜಿ. ಕಣ್ಣಿಗೆ ಸೂಜಿ ಕೆಲಸ ಆಗದೆ ಬಂದು, ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರ್ ಕಲಿತರು. ಹೊಸಬರಿಗೆ ಬ್ಲೀಡ್ (ಕಾಗದ ಕತ್ತರಿಸುವ ಗೆರೆಯಾಚೆಗೂ ಚಿತ್ರ, ಬಣ್ಣ ಚಾಚಿ ಬಿಡುವುದು) ಅಂದರೇನು ಅಂತ ನಾನು ಅರ್ಧ ಗಂಟೆ ಹೇಳಿದರೂ ತಲೆಗೆ ಹೋಗುವುದಿಲ್ಲ. ಅವರು ಒಂದೇ ಮಾತಲ್ಲಿ ಮುಗಿಸುತ್ತಾರೆ: "ಹೊಲಿಗೆಗೆ ಬಟ್ಟೆ ಬಿಡಲ್ವಾ? ಇಲ್ಲಿ ಕತ್ತರಿಗೆ ಮೂರು ಮಿಲಿಮೀಟರ್ ಬಿಡು." ಸಾಲಿನ ಅಂತರದ ವಿಷಯದಲ್ಲೂ ಅಷ್ಟೇ. ಇಂಗ್ಲಿಷಿನ ಅಳತೆಯಲ್ಲೇ ಕನ್ನಡದ ಸಾಲು ಕೂರಿಸಿದರೆ 'ಸ್ತ್ರೀ'ಯ ಒತ್ತು ಕೆಳಸಾಲಿನ 'ಕೀ'ಯ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ನಮ್ಮವರು ಅದನ್ನು ನೋಡಿದ ತಕ್ಷಣ "ಕಂಕುಳಲ್ಲಿ ಬಿಗಿಯಾಗ್ತಿದೆ" ಅನ್ನುತ್ತಾರೆ, ಸಾಲು ಸಡಿಲಿಸುತ್ತಾರೆ. ನಾನೋ, ಎಂ.ಎ. ಮಾಡಿದವನು. ಹೊಸದರಲ್ಲಿ ಒಂದು ಸಂಚಿಕೆಗೆ ಬಲು ಚೆಂದದ ಬಳ್ಳಿ ಬಳ್ಳಿ ಅಕ್ಷರ ಆರಿಸಿ, ರಕ್ಷಾಪುಟದ ಶೀರ್ಷಿಕೆಯನ್ನು ಯಾರೂ ಓದಲಾಗದಂತೆ ಮಾಡಿದ ಕೀರ್ತಿ ನನ್ನದು. ಅಚ್ಚಾದ ಮೇಲೆ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಡಿಸೈನ್ ಚೆನ್ನಾಗಿದೆ, ಏನು ಬರೆದಿದೆ?" ಅಂದರು.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು. ನೀವು ಕಾಗದದ ಜೊತೆ ಕಳಿಸಿದ ಹದಿನಾಲ್ಕು ಪುಟದ ಮಾದರಿ ಕೆಲಸ ನೋಡಿದೆ. ಒಂದೇ ಪುಟದಲ್ಲಿ ಆರು ಫಾಂಟ್ ಎಣಿಸಿದೆ. ನೆರಳು, ಹೊಳಪು, ಬಣ್ಣ ಏರಿ ಇಳಿಯುವ ಹಿನ್ನೆಲೆ, ಎಲ್ಲ ಇದೆ. ಡಿಸೈನ್ ಓದಿದವರ ಹಾಗೆ ಕಾಣಬೇಕು ಅಂತ ಒದ್ದಾಡಿದ್ದು ಗೊತ್ತಾಗುತ್ತದೆ. ಆದರೆ ಎಲ್ಲಕ್ಕಿಂತ ಒಳ್ಳೆ ಕೆಲಸ, ಆ ಬಾಟಲಿಯ ಚೀಟಿ, ಅದರಲ್ಲಿ ಇಲ್ಲವೇ ಇಲ್ಲ! ನಾಚಿಕೆಯಾಯಿತಾ? ಆ ಚೀಟಿ ಮಾಡಲು ಯಾವ ದ್ರವ ಯಾವುದರ ಜೊತೆ ಸೇರಬಾರದು ಅನ್ನುವುದು ಗೊತ್ತಿರಬೇಕು. ಕೈಗವಸು ಹಾಕಿಕೊಂಡವರು ಒಂದು ಕೈಯಲ್ಲಿ ಪಿಪೆಟ್ ಹಿಡಿದು ಓರೆಗಣ್ಣಲ್ಲಿ ಚೀಟಿ ನೋಡುತ್ತಾರೆ ಅನ್ನುವುದೂ ಗೊತ್ತಿರಬೇಕು. ನಿಮ್ಮ ಪಕ್ಕ ಕೂರುವ ಓದಿದವರಿಗೆ ಅದು ಗೊತ್ತಾ? ಐದು ವರ್ಷ ದಂಡ ಅಂತ ಬರೆದಿದ್ದೀರಿ. ಆ ಐದು ವರ್ಷದ್ದೇ ಆ ಚೀಟಿ.

ಕೆಲಸದ ಜಾಹೀರಾತುಗಳನ್ನೂ ನೋಡಿ. ಐದು ಸಾಫ್ಟ್‌ವೇರ್ ಬರಬೇಕು, ವಿಡಿಯೋನೂ ಮಾಡಬೇಕು, ಒತ್ತಡ ತಡೆದುಕೊಳ್ಳಬೇಕು. 'ಕೊಟ್ಟ ಬರಹವನ್ನು ಒಂದು ಸಲ ಓದಬೇಕು' ಅಂತ ಒಬ್ಬರೂ ಕೇಳುವುದಿಲ್ಲ. ಹಾಗಾಗಿ ಸಾವಿನ ಕುರಿತ ಪದ್ಯಕ್ಕೆ ಬಲೂನು ಹಾರುವ ಚಿತ್ರ ಬರುತ್ತದೆ, ನಮ್ಮಲ್ಲೇ ಬಂದಿದೆ. ಇನ್ನು ಕೆಲಸ ಕೊಡುವವರು. ಲೋಗೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಖಾಲಿ ಜಾಗ ಯಾಕೆ ಬಿಟ್ಟಿದ್ದೀರಿ, ಅಲ್ಲೇನಾದರೂ ತುಂಬಿ. ಖಾಲಿ ಜಾಗ ಕಂಡರೆ ಇವರಿಗೆ ಯಾಕಿಷ್ಟು ಭಯವೋ! ಕೊನೆಗೆ ಪುಸ್ತಕ ಬರುತ್ತದೆ. ಲೇಖಕರ ಹೆಸರು ಇದೆ, ಪ್ರಕಾಶಕರದ್ದು ಇದೆ, ಅಚ್ಚು ಹಾಕಿದವರದ್ದೂ ಇದೆ. ಅಂಗಡಿಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ರಕ್ಷಾಪುಟ ಯಾರದು ಅಂತ ಹುಡುಕಿ ನೋಡಿ, ಎಷ್ಟೋ ಪುಸ್ತಕದಲ್ಲಿ ಸಿಗುವುದಿಲ್ಲ. ಈ ವಿಷಯ ಸಭೆಗಳಲ್ಲಿ ಎತ್ತಿ ಎತ್ತಿ ನಾನು ಕೆಟ್ಟವನಾಗಿದ್ದೇನೆ. ಇರಲಿ.

ಕಾಲೇಜಿನ ವಿಷಯ ಕೇಳಿದ್ದಿರಿ. ಅಕ್ಷರ ವಿನ್ಯಾಸದ್ದೋ, ಮುದ್ರಣದ್ದೋ ಸಂಜೆಯ ಕೋರ್ಸ್ ಸಿಕ್ಕರೆ ಧಾರಾಳವಾಗಿ ಸೇರಿ, ಅಲ್ಲಿ ಕಲಿಯುವುದು ಬೇಕಾದಷ್ಟಿದೆ. ಕೆಲಸ ಮಾತ್ರ ಬಿಡಬೇಡಿ. ಮತ್ತೆ, ಆ ಹಳೇ ಚೀಟಿ, ಹೊಸ ಚೀಟಿ ಎರಡರ ಫೋಟೋ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕ ಹಾಕುತ್ತೇನೆ. ನಮ್ಮ ದರ್ಜಿಗಳು ಈಗಾಗಲೇ ಅರ್ಧ ಪುಟ ಖಾಲಿ ಇಟ್ಟುಕೊಂಡಿದ್ದಾರೆ. ಕೆಳಗೆ 'ವಿನ್ಯಾಸ' ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದಾರೆ. ಅಲ್ಲಿಗಾದರೂ ಹೆಸರು ಹಾಕಲು ಒಪ್ಪಿಗೆ ಕೊಡಿ.

– ಸಂ.